ಜೆಆರ್‌ಎಫ್ ಬಂದ ಮೇಲೆ ಮುಂದೇನು? ಗೈಡ್, ಪೇಪರ್, ಪೋಸ್ಟ್‌ಡಾಕ್, ನೇಮಕಾತಿ: ಗೊತ್ತಿರುವವರು ವಿವರವಾಗಿ ಹೇಳಿ

ಹಂಪಿ_ರಸಾಯನ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ನಾಲ್ಕೈದು ಜನ ಎಂ.ಎಸ್ಸಿ. ಹುಡುಗ ಹುಡುಗಿಯರಿಗೆ ಈ ಸಲ ಸಿಎಸ್‌ಐಆರ್-ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಪಿಎಚ್.ಡಿ. ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್) ಬಂದಿದೆ. ಇಬ್ಬರದು ರಸಾಯನಶಾಸ್ತ್ರ, ಉಳಿದವರದು ಜೀವವಿಜ್ಞಾನ. ಯಾರ ಮನೆಯಲ್ಲೂ ಪಿಎಚ್.ಡಿ. ಮಾಡಿದವರಿಲ್ಲ, ಹಾಗಾಗಿ ಕೇಳೋಣವೆಂದರೂ ಹತ್ತಿರದಲ್ಲಿ ಯಾರೂ ಇಲ್ಲ. ಗೈಡ್ (ಪಿಎಚ್.ಡಿ. ಮಾರ್ಗದರ್ಶಕ) ಆರಿಸುವಾಗ ಏನು ನೋಡಬೇಕು? ಎಷ್ಟು ಪೇಪರ್ (ಜರ್ನಲ್‌ನಲ್ಲಿ ಬರುವ ಸಂಶೋಧನಾ ಲೇಖನ) ಬೇಕು, ಎಲ್ಲಿ ಹಾಕಬೇಕು? ಪೋಸ್ಟ್‌ಡಾಕ್‌ಗೆ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ) ಹೊರದೇಶಕ್ಕೆ ಹೋಗಲೇಬೇಕೇ? ಕೊನೆಗೆ ಇಲ್ಲೇ ಒಂದು ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಹಿಡಿಯಬೇಕಾದರೆ ಈಗಿನಿಂದ ಏನು ಸಿದ್ಧ ಮಾಡಿಕೊಳ್ಳಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಜೀವಕೋಶ

ಮೊದಲ ಪ್ರಶ್ನೆಗೇ ಹೆಚ್ಚು ಹೊತ್ತು ಕೊಡಿ. ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಗೈಡ್ ಹೇಗೆ ಎಂದು ಯಾರದೋ ಬಾಯಿಮಾತಿನಲ್ಲಿ ತಿಳಿಯಬೇಕಿಲ್ಲ, ದಾಖಲೆಯಲ್ಲೇ ಸಿಗುತ್ತದೆ.

ಶೋಧಗಂಗಾ (ದೇಶದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹ) ತೆರೆದು ಗೈಡ್ ಹೆಸರಿನ ಮೇಲೆ ಹುಡುಕಿ. ಅವರ ಕೈಕೆಳಗೆ ಮುಗಿದ ಪ್ರಬಂಧಗಳೆಲ್ಲ ಸಾಲಾಗಿ ಬರುತ್ತವೆ. ಐಐಎಸ್‌ಸಿಯ ಪ್ರಬಂಧಗಳಿಗೆ ಅದರದ್ದೇ ಸಂಗ್ರಹ ಇದೆ. ಒಂದು ಹಾಳೆ ತೆಗೆದುಕೊಂಡು ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ಮೂರು ಸಂಗತಿ ಬರೆಯಿರಿ: ಸೇರಿದ ವರ್ಷ, ಪ್ರಬಂಧ ಮುಗಿದ ವರ್ಷ, ಈಗ ಎಲ್ಲಿದ್ದಾರೆ. ಮೂರನೆಯದಕ್ಕೆ ಅದೇ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ ನೋಡಿ. ಸರಾಸರಿ ಐದೈದೂವರೆ ವರ್ಷವಾದರೆ ಸರಿ. ಏಳು ದಾಟುತ್ತಿದ್ದರೆ ಕಾರಣ ಕೇಳಿ. ಹೊಸದಾಗಿ ಸೇರಿದ ಅಧ್ಯಾಪಕರಾದರೆ ಮುಗಿಸಿದವರೇ ಇರುವುದಿಲ್ಲ, ಅದು ದೋಷವಲ್ಲ. ಹತ್ತು ವರ್ಷ ಸೇವೆಯಾದ ಮೇಲೂ ಒಬ್ಬಿಬ್ಬರೇ ಮುಗಿಸಿದ್ದಾರೆ, ನಡುವೆ ಬಿಟ್ಟುಹೋದವರು ನಾಲ್ಕು ಜನ ಇದ್ದಾರೆ ಎಂದರೆ ಅದು ದೋಷ. ಬಿಟ್ಟುಹೋದವರ ಹೆಸರು ಶೋಧಗಂಗಾದಲ್ಲಿ ಇರುವುದಿಲ್ಲ. ಹಳೆಯ ಪೇಪರ್‌ಗಳಲ್ಲಿ ಲೇಖಕರಾಗಿದ್ದು ಪ್ರಬಂಧಗಳ ಪಟ್ಟಿಯಲ್ಲಿ ಕಾಣದವರನ್ನು ಗುರುತು ಹಾಕಿಕೊಂಡರೆ ಅಂದಾಜು ಸಿಗುತ್ತದೆ.

ಆಮೇಲೆ ಅವರ ಇತ್ತೀಚಿನ ಐದು ವರ್ಷದ ಪೇಪರ್‌ಗಳಲ್ಲಿ ಮೊದಲ ಲೇಖಕ ಯಾರು ನೋಡಿ. ಪಿಎಚ್.ಡಿ. ವಿದ್ಯಾರ್ಥಿಗಳೇ ಮೊದಲಿದ್ದರೆ ಒಳ್ಳೆಯದು.

ನಿಯಮದ ಲೆಕ್ಕವೂ ಗೊತ್ತಿರಲಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್.ಡಿ. ನಿಯಮಾವಳಿ ಪ್ರಕಾರ ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಸಂಶೋಧಕರನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಾಲ್ಕು ವರ್ಷ ಉಳಿದಿದೆ ಎನ್ನುವವರ ಬಳಿ ಸೇರಿದರೂ ಕೊನೆಯ ಒಂದೆರಡು ವರ್ಷ ನೀವು ಗೈಡ್ ಇಲ್ಲದ ಲ್ಯಾಬ್‌ನಲ್ಲಿ ಇರುತ್ತೀರಿ. ಹಾಗಿದ್ದರೆ ಮೊದಲೇ ಸಹ-ಗೈಡ್ ಹೆಸರು ಕಾಗದದಲ್ಲಿ ಬರಲಿ.

ಕೊನೆಯದಾಗಿ, ಲ್ಯಾಬ್‌ನ ಮೂರನೇ ನಾಲ್ಕನೇ ವರ್ಷದ ವಿದ್ಯಾರ್ಥಿಯ ಜೊತೆ ಫೋನಿನಲ್ಲಿ ಮಾತಾಡಿ, ಮೆಸೇಜ್ ಬೇಡ. "ಗೈಡ್ ಹೇಗೆ" ಎಂದು ಕೇಳಿದರೆ "ಒಳ್ಳೆಯವರು" ಎಂಬ ಉತ್ತರ ಬಂದೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: ಕರಡು ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿ ವಾಪಸು ಕೊಡುತ್ತಾರೆ? ಕೆಮಿಕಲ್ಸ್ ಆರ್ಡರ್ ಮಾಡಿದರೆ ಎಷ್ಟು ವಾರಕ್ಕೆ ಬರುತ್ತದೆ? ಕಳೆದ ವರ್ಷ ಕಾನ್ಫರೆನ್ಸ್‌ಗೆ ಯಾರು ಹೋಗಿದ್ದರು, ಖರ್ಚು ಯಾರದು? ಈಗಿರುವ ಪ್ರಾಜೆಕ್ಟ್ ಹಣ ಯಾವಾಗ ಮುಗಿಯುತ್ತದೆ? ಈ ನಾಲ್ಕು ಉತ್ತರದಲ್ಲಿ ಎಲ್ಲವೂ ಗೊತ್ತಾಗುತ್ತದೆ.

ಸ್ಫಟಿಕ

ಜೀವಕೋಶ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಗೈಡ್‌ಗೆ ಬರೆಯುವ ಮೊದಲ ಇಮೇಲ್‌ನಲ್ಲೇ ಎಷ್ಟೋ ಒಳ್ಳೆಯ ಹುಡುಗರು ಅವಕಾಶ ಕಳೆದುಕೊಳ್ಳುತ್ತಾರೆ. ಒಂದೇ ಪತ್ರ ಐವತ್ತು ಜನಕ್ಕೆ ಹೋಗಿದೆ ಎಂದು ಓದಿದ ತಕ್ಷಣ ಗೊತ್ತಾಗುತ್ತದೆ. "ನಿಮ್ಮ ಸಂಶೋಧನೆಯಲ್ಲಿ ತುಂಬಾ ಆಸಕ್ತಿ ಇದೆ" ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ.

ಪತ್ರ ಇಂಗ್ಲಿಷಿನಲ್ಲೇ ಹೋಗಲಿ, ಹೂರಣ ಹೀಗಿರಲಿ (ರಸಾಯನಶಾಸ್ತ್ರದ ಉದಾಹರಣೆ; ಎಂಒಎಫ್ ಎಂದರೆ ಲೋಹ ಮತ್ತು ಸಾವಯವ ಅಣುಗಳು ಸೇರಿದ ರಂಧ್ರಭರಿತ ವಸ್ತು, ಪೌಡರ್ ಎಕ್ಸ್‌ಆರ್‌ಡಿ ಅದರ ಹರಳಿನ ರಚನೆ ನೋಡುವ ಎಕ್ಸ್-ಕಿರಣ ಪರೀಕ್ಷೆ):

"ನನಗೆ ಸಿಎಸ್‌ಐಆರ್ ಜೆಆರ್‌ಎಫ್ ಇದೆ, ಆಗಸ್ಟ್‌ನಿಂದ ಸೇರಬಲ್ಲೆ. ಸತುವಿನ ಎಂಒಎಫ್‌ಗಳ ಬಗ್ಗೆ ನಿಮ್ಮ ಗುಂಪಿನ ಇತ್ತೀಚಿನ ಪೇಪರ್ ಓದಿದೆ. ಇಂಗಾಲದ ಡೈಆಕ್ಸೈಡ್ ಹೀರಿಕೆಯನ್ನು ಒಣ ಅನಿಲದಲ್ಲಿ ಅಳೆದಿದ್ದೀರಿ. ಈ ಬಗೆಯ ಎಂಒಎಫ್ ತೇವಾಂಶಕ್ಕೆ ಒಡೆಯುವ ಸಾಧ್ಯತೆ ಇರುವುದರಿಂದ, ತೇವಾಂಶ ಬೆರೆಸಿ ಅಳೆದ ಮೇಲೆ ಪೌಡರ್ ಎಕ್ಸ್‌ಆರ್‌ಡಿ ಮತ್ತೆ ತೆಗೆದು ರಚನೆ ಉಳಿದಿದೆಯೇ ಎಂದು ನೋಡಬಹುದೇ ಎಂಬ ಪ್ರಶ್ನೆ ನನಗೆ ಬಂತು. ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಸಾಲ್ವೊಥರ್ಮಲ್ ಸಂಶ್ಲೇಷಣೆ, ಬಿಇಟಿ ಅಳತೆ ಮಾಡಿದ್ದೇನೆ. ಎರಡು ಪುಟದ ಸಿವಿ ಜೊತೆಗಿದೆ. ಹದಿನೈದು ನಿಮಿಷ ಮಾತಾಡಲು ಅವಕಾಶ ಸಿಗಬಹುದೇ?"

ಇಷ್ಟೇ. ಆ ಒಂದು ಪ್ರಶ್ನೆಗಾಗಿ ಪೇಪರ್ ಪೂರ್ತಿ ಓದಬೇಕು, ಸಪ್ಲಿಮೆಂಟರಿಯೂ ಸೇರಿ. ಪ್ರಶ್ನೆ ಸಣ್ಣದಾದರೂ ನಡೆಯುತ್ತದೆ, ನಿಜವಾದದ್ದಾಗಿರಬೇಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಅದೇ ಇಮೇಲ್‌ನ ಕೆಳಗೆ ಎರಡು ಸಾಲಿನ ನೆನಪೋಲೆ. ಅದಕ್ಕೂ ಬರದಿದ್ದರೆ ಮುಂದಿನವರಿಗೆ ಬರೆಯಿರಿ. ವಾರಕ್ಕೆ ಎರಡು ಮೂರು ಪತ್ರಕ್ಕಿಂತ ಹೆಚ್ಚು ಇಷ್ಟು ಶ್ರದ್ಧೆಯಿಂದ ಬರೆಯಲಾಗದು.

ತುಂಗಾತೀರ

ಹಣದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಜೆಆರ್‌ಎಫ್ ತಿಂಗಳಿಗೆ 37,000, ಎಸ್‌ಆರ್‌ಎಫ್ (ಅದರ ಮುಂದಿನ ಹಂತ) 42,000 ರೂಪಾಯಿ. ಇದರ ಮೇಲೆ ಊರಿಗೆ ತಕ್ಕ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ). ಹಾಸ್ಟೆಲ್ ಕೊಟ್ಟರೆ ಎಚ್‌ಆರ್‌ಎ ಇಲ್ಲ. ಮೊದಲ ಎರಡು ವರ್ಷ ಜೆಆರ್‌ಎಫ್, ಆಮೇಲೆ ಮೌಲ್ಯಮಾಪನ ಸಮಿತಿ ಕುಳಿತು ಎಸ್‌ಆರ್‌ಎಫ್‌ಗೆ ಏರಿಸುತ್ತದೆ. ಒಟ್ಟು ಐದು ವರ್ಷ. ಪ್ರಯೋಗಾಲಯದ ಪಿಎಚ್.ಡಿ. ಐದು ವರ್ಷಕ್ಕೆ ಮುಗಿಯದಿದ್ದರೆ ಕೊನೆಯ ತಿಂಗಳುಗಳಿಗೆ ಸಂಬಳವಿಲ್ಲ. "ಐದು ವರ್ಷದ ನಂತರ ನಿಮ್ಮ ವಿದ್ಯಾರ್ಥಿಗಳಿಗೆ ಯಾವ ಪ್ರಾಜೆಕ್ಟ್‌ನಿಂದ ಕೊಡುತ್ತೀರಿ" ಎಂದು ಗೈಡ್‌ನ ಹತ್ತಿರ ಸೇರುವ ಮೊದಲೇ ಕೇಳುವುದು ತಪ್ಪಲ್ಲ.

ಹಣ ತಡವಾಗುವುದು ಬಹುಪಾಲು ಕಾಗದದ ಕಾರಣಕ್ಕೆ. ಸೇರಿದ ವರದಿ ತಡ, ಹಾಜರಾತಿ ದೃಢೀಕರಣ ವಿಶ್ವವಿದ್ಯಾಲಯದ ಕಡೆಯಿಂದ ಪೋರ್ಟಲ್‌ಗೆ ಏರಿಲ್ಲ, ಎಸ್‌ಆರ್‌ಎಫ್ ಮೌಲ್ಯಮಾಪನದ ಕಾಗದ ಹೋಗಿಲ್ಲ, ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ. ನಮ್ಮ ಕಡೆ ಇನಿಷಿಯಲ್ ಹಿಂದೆ ಮುಂದೆ ಆಗುವುದು ತೀರಾ ಸಾಮಾನ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾನ್, ಬ್ಯಾಂಕ್, ಪಾಸ್‌ಪೋರ್ಟ್ ಐದರಲ್ಲೂ ಹೆಸರು ಒಂದೇ ರೀತಿ ಇರುವಂತೆ ಈಗಲೇ ತಿದ್ದಿಸಿಕೊಳ್ಳಿ. ವೀಸಾ ಹೊತ್ತಿಗೂ ಇದೇ ಕಾಡುತ್ತದೆ. ಸಂಬಂಧಪಟ್ಟ ಗುಮಾಸ್ತರ ಹೆಸರು ತಿಳಿದುಕೊಂಡು ಪ್ರತಿ ತಿಂಗಳ ಮೊದಲ ವಾರ ಒಮ್ಮೆ ವಿಚಾರಿಸಿ. ನಾಲ್ಕು ತಿಂಗಳ ಖರ್ಚಿಗಾಗುವಷ್ಟು ಕೈಯಲ್ಲಿ ಇಟ್ಟುಕೊಳ್ಳದೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯಬೇಡಿ.

ಜೆಆರ್‌ಎಫ್ ಸಿಗದವರೂ ಇದನ್ನು ಓದುತ್ತಿರಬಹುದು. 2024ರಿಂದ ನೆಟ್ ಫಲಿತಾಂಶ ಮೂರು ವರ್ಗದಲ್ಲಿ ಬರುತ್ತಿದೆ. ಜೆಆರ್‌ಎಫ್ ಇಲ್ಲದ ಎರಡನೇ, ಮೂರನೇ ವರ್ಗದವರ ಅಂಕ ಪಿಎಚ್.ಡಿ. ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಮುಂದಿನ ವರ್ಷ ನೋಡೋಣ ಎಂದು ಕೂತರೆ ಮತ್ತೆ ಪರೀಕ್ಷೆ ಬರೆಯಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಸೇರಿದವರಿಗೆ ಕೆ-ಸ್ಟೆಪ್ಸ್ (ರಾಜ್ಯದ ವಿಜ್ಞಾನ ತಂತ್ರಜ್ಞಾನ ಪ್ರೋತ್ಸಾಹಕ ಸಂಸ್ಥೆ) ಮೂಲಕ ರಾಜ್ಯದ ಡಿಎಸ್‌ಟಿ-ಪಿಎಚ್.ಡಿ. ಫೆಲೋಶಿಪ್ ಇದೆ, ಅದರ ಪ್ರಕಟಣೆ ಮೇಲೆ ಕಣ್ಣಿಡಿ.

ಹಂಪಿ_ರಸಾಯನ

ತುಂಬಾ ಉಪಕಾರವಾಯಿತು. ಒಬ್ಬಳಿಗೆ ಎರಡು ಕಡೆ ಅವಕಾಶವಿದೆ. ಒಂದು ಕಡೆ ಹೆಸರಾಂತ ಪ್ರೊಫೆಸರ್, ಲ್ಯಾಬ್ ತುಂಬಿದೆ, ಈಗಾಗಲೇ ಏಳು ಜನ. ಇನ್ನೊಂದು ಕಡೆ ಸೇರಿ ಒಂದೂವರೆ ವರ್ಷವಾದ ಅಸಿಸ್ಟೆಂಟ್ ಪ್ರೊಫೆಸರ್, ಮೊದಲ ಗ್ರ್ಯಾಂಟ್ (ಸಂಶೋಧನಾ ಅನುದಾನ) ಈಗಷ್ಟೇ ಬಂದಿದೆ. ಯಾವುದು?

ಜೀವಕೋಶ

ನನ್ನ ಮತ ಎರಡನೆಯದಕ್ಕೆ. ಎರಡು ಷರತ್ತಿನ ಮೇಲೆ: ಗ್ರ್ಯಾಂಟ್ ಮಂಜೂರಾತಿ ಪತ್ರ ನಿಜವಾಗಿ ಬಂದಿರಬೇಕು ("ಬರುವ ಹಂತದಲ್ಲಿದೆ" ಎಂಬುದು ಲೆಕ್ಕಕ್ಕಿಲ್ಲ), ಮತ್ತು ಬೇಕಾದ ಮುಖ್ಯ ಉಪಕರಣ ವಿಭಾಗದಲ್ಲಿ ಅಥವಾ ಹತ್ತಿರದಲ್ಲಿ ಇರಬೇಕು. ನಿಮಗೆ ಪೇಪರ್ ಎಷ್ಟು ಬೇಕೋ ಹೊಸ ಅಧ್ಯಾಪಕರಿಗೂ ಅಷ್ಟೇ ಬೇಕು. ಬೆಂಚಿನ ಪಕ್ಕ ನಿಂತು ಕಲಿಸುತ್ತಾರೆ. ಮೊದಲ ವರ್ಷ ಲ್ಯಾಬ್ ಕಟ್ಟುವುದರಲ್ಲೇ ಹೋಗುತ್ತದೆ ಎಂಬುದು ನಿಜ, ಆದರೆ ಖರೀದಿ, ಉಪಕರಣ ಕೂರಿಸುವುದು, ಪ್ರೋಟೊಕಾಲ್ ಸ್ಥಿರಪಡಿಸುವುದು ಕಲಿತವರಿಗೆ ಮುಂದೆ ಸ್ವಂತ ಲ್ಯಾಬ್ ಹಾಕುವಾಗ ಅದೇ ಆಸ್ತಿ.

ಸ್ಫಟಿಕ

ನಾನು ಅಷ್ಟು ಖಚಿತವಾಗಿ ಹೇಳಲಾರೆ. ತುಂಬಿದ ಲ್ಯಾಬ್‌ನಲ್ಲಿ ಹಿರಿಯ ವಿದ್ಯಾರ್ಥಿಗಳು ಕಲಿಸುತ್ತಾರೆ, ಉಪಕರಣ ನಡೆಯುತ್ತಿರುತ್ತದೆ, ಪೋಸ್ಟ್‌ಡಾಕ್‌ಗೆ ಶಿಫಾರಸು ಪತ್ರದ ತೂಕ ಬೇರೆ. ಕೇಳಬೇಕಾದ್ದು ಒಂದೇ: ಆ ಏಳು ಜನರ ಸಮಸ್ಯೆಗಳು ಬೇರೆ ಬೇರೆಯೇ, ಅಥವಾ ಒಂದೇ ವಸ್ತುವಿನ ಮೇಲೆ ಏಳು ಜನ ಇದ್ದಾರೆಯೇ? ಎರಡನೆಯದಾದರೆ ಮೊದಲ ಲೇಖಕ ಯಾರು ಎಂಬ ಜಗಳ ತಪ್ಪಿದ್ದಲ್ಲ. ಅಲ್ಲಿಗೆ ಹೋಗಬೇಡಿ.

ಗಣಿತದಂಗಳ

ಪೇಪರ್ ಎಷ್ಟು ಬೇಕು ಎಂಬುದಕ್ಕೆ ಲೆಕ್ಕದಲ್ಲೇ ಉತ್ತರ ಇದೆ.

ಮೊದಲು ಪದವಿಗೆ: 2022ರ ಯುಜಿಸಿ ನಿಯಮದಲ್ಲಿ ಪ್ರಬಂಧ ಸಲ್ಲಿಸಲು ಪೇಪರ್ ಕಡ್ಡಾಯವಲ್ಲ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಕೇಳಬಹುದು, ಅದನ್ನು ಓದಿ.

ಇನ್ನು ಹುದ್ದೆಗೆ: ಯುಜಿಸಿಯ 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಪ್ರೊಫೆಸರ್ ಸಂದರ್ಶನಕ್ಕೆ ಆಯ್ದುಕೊಳ್ಳುವ ಅಂಕಪಟ್ಟಿ ಇದೆ. ಪಿಎಚ್.ಡಿ.ಗೆ 30, ಜೆಆರ್‌ಎಫ್ ಸಹಿತ ನೆಟ್‌ಗೆ 7, ಬರೀ ನೆಟ್‌ಗೆ 5, ರಾಜ್ಯಮಟ್ಟದ ಸ್ಲೆಟ್ ಅಥವಾ ಸೆಟ್‌ಗೆ 3. ಪೇಪರ್ ಒಂದಕ್ಕೆ 2, ಗರಿಷ್ಠ 10. ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವ ವರ್ಷಕ್ಕೆ 2, ಅದೂ ಗರಿಷ್ಠ 10. ಅಂದರೆ ಐದು ಪೇಪರ್‌ಗೆ ಅಂಕ ತುಂಬಿತು, ಆರನೆಯದಕ್ಕೆ ಏನೂ ಇಲ್ಲ. ಕಾಲೇಜು ಹುದ್ದೆಗಳ ಪಟ್ಟಿಯಲ್ಲಿ ಪೇಪರ್‌ಗೆ ಗರಿಷ್ಠ 6, ಮೂರಕ್ಕೇ ಮುಗಿಯಿತು. ಹೀಗಿರುವಾಗ ಹದಿನೈದು ಇಪ್ಪತ್ತು ಹಗುರ ಪೇಪರ್ ಮಾಡಿ, ಪ್ರತಿಯೊಂದಕ್ಕೂ ದುಡ್ಡು ಕಟ್ಟಿ, ಸಿವಿಯನ್ನು ಹಾಳು ಮಾಡಿಕೊಳ್ಳುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ಐಐಟಿ, ಐಸರ್‌ಗಳಂಥ ಕೇಂದ್ರದ ದೊಡ್ಡ ಸಂಸ್ಥೆಗಳಲ್ಲಿ ಅಂಥ ಪಟ್ಟಿ ನೋಡಿದ ತಕ್ಷಣ ಅರ್ಜಿ ಬದಿಗಿಡುತ್ತಾರೆ.

ಮಾನ್ಯ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಯುಜಿಸಿಯೇ ನಿಲ್ಲಿಸಿದೆ. ಈಗಲೂ "ಯುಜಿಸಿ ಕೇರ್ ಅನುಮೋದಿತ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಜರ್ನಲ್‌ಗಳನ್ನು ನಂಬಬೇಡಿ. ಒಂದು ವಾರದಲ್ಲಿ ಪ್ರಕಟಣೆ, ಸ್ವೀಕೃತಿ ಪತ್ರದ ಜೊತೆಗೇ ಫೋನ್‌ಪೇ ನಂಬರ್, ಸಂಪಾದಕ ಮಂಡಳಿಯಲ್ಲಿ ಸಂಸ್ಥೆಯ ಇಮೇಲ್ ಇಲ್ಲದ ಹೆಸರುಗಳು: ಇವು ಸಾಕು ಗುರುತಿಗೆ. ಇನ್ನೊಂದು ಕೆಟ್ಟ ಬಗೆ ಇದೆ: ನಿಜವಾದ ಹಳೆಯ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತು ಸಂಖ್ಯೆ) ಕದ್ದು ನಕಲಿ ವೆಬ್‌ಸೈಟ್ ಮಾಡಿರುತ್ತಾರೆ. ಗೂಗಲ್‌ನಿಂದ ನೇರ ಹೋಗದೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಅಥವಾ ಡಿಒಎಜೆ ಪಟ್ಟಿಯಲ್ಲಿರುವ ಕೊಂಡಿಯಿಂದಲೇ ಹೋಗಿ.

ಒಳ್ಳೆಯ ಜರ್ನಲ್‌ಗೆ ದುಡ್ಡು ಕಟ್ಟಲೇಬೇಕು ಎಂಬುದೂ ತಪ್ಪು ತಿಳಿವಳಿಕೆ. ಹೈಬ್ರಿಡ್ ಜರ್ನಲ್‌ಗಳಲ್ಲಿ ಸ್ವೀಕೃತಿಯಾದ ಮೇಲೆ ಬರುವ ಫಾರ್ಮ್‌ನಲ್ಲಿ ಓಪನ್ ಆ್ಯಕ್ಸೆಸ್ (ಎಲ್ಲರೂ ಉಚಿತವಾಗಿ ಓದುವ ದಾರಿ) ಬಿಟ್ಟು ಸಬ್‌ಸ್ಕ್ರಿಪ್ಷನ್ (ಚಂದಾದಾರರು ಓದುವ) ದಾರಿ ಆರಿಸಿದರೆ ಸಾಮಾನ್ಯವಾಗಿ ಶುಲ್ಕವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರಮಾಣ, ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್, ಜರ್ನಲ್ ಆಫ್ ಬಯೋಸೈನ್ಸಸ್‌ನಂಥವುಗಳಲ್ಲೂ ಈ ದಾರಿ ಇದೆ.

ತುಂಗಾತೀರ

ಗಣಿತದಂಗಳ ಅವರ ಅಂಕದ ಮಾತಿಗೆ ಒಂದು ತಿದ್ದುಪಡಿ. ಆ ಅಂಕ ಸಂದರ್ಶನಕ್ಕೆ ಕರೆಯಲು ಮಾತ್ರ. ಕೊನೆಯ ಆಯ್ಕೆ ಸಂದರ್ಶನದ ಮೇಲೆ. ಅಲ್ಲಿ "ನಿಮ್ಮ ಈ ಪೇಪರ್‌ನ ಮೂರನೇ ಚಿತ್ರ ವಿವರಿಸಿ" ಎಂದರೆ ತಾನೇ ಮಾಡಿದ ಕೆಲಸ ಇದ್ದವರಿಗೆ ಮಾತ್ರ ಬಾಯಿ ಬರುತ್ತದೆ.

ಜೀವಕೋಶ

ಪೇಪರ್ ಬರೆಯುವ ಹೊತ್ತಿಗೆ ತೊಡಕಾಗುವುದು ಎರಡು ಕಡೆ: ಲೇಖಕರ ಸಾಲು (ಯಾರ ಹೆಸರು ಮೊದಲು) ಮತ್ತು ಪರಿಶೀಲಕರಿಗೆ (ಜರ್ನಲ್ ಪರವಾಗಿ ಪೇಪರ್ ಓದಿ ಅಭಿಪ್ರಾಯ ಹೇಳುವವರಿಗೆ) ಕೊಡುವ ಉತ್ತರ.

ಲೇಖಕರ ಸಾಲಿನ ಮಾತು ಕೆಲಸ ಶುರುವಾಗುವಾಗಲೇ ಆಗಲಿ. ಮುಗಿದ ಮೇಲೆ ಕೇಳಿದರೆ ಎಲ್ಲರಿಗೂ ತಮ್ಮ ಪಾಲೇ ದೊಡ್ಡದಾಗಿ ಕಾಣುತ್ತದೆ. ಕ್ರೆಡಿಟ್ ಎಂಬ ಪದ್ಧತಿಯಲ್ಲಿ ಪರಿಕಲ್ಪನೆ, ಪ್ರಯೋಗ, ವಿಶ್ಲೇಷಣೆ, ಮೊದಲ ಕರಡು, ಹಣ ತಂದದ್ದು ಹೀಗೆ 14 ಬಗೆಯ ಪಾತ್ರಗಳಿವೆ. ಗುಂಪಿನ ಮೀಟಿಂಗ್ ಮುಗಿದ ಮೇಲೆ "ಇವತ್ತು ಮಾತಾಡಿದಂತೆ ಈ ಭಾಗ ನಾನು, ಈ ಭಾಗ ಅವರು" ಎಂದು ವಿನಯವಾಗಿ ಒಂದು ಇಮೇಲ್ ಕಳಿಸಿದರೆ ಸಾಕು, ದಾಖಲೆ ಆಯಿತು. ಓರ್ಕಿಡ್ ಸಂಖ್ಯೆ (ಸಂಶೋಧಕರ ಗುರುತು ಸಂಖ್ಯೆ) ಮೊದಲ ದಿನವೇ ಮಾಡಿಕೊಳ್ಳಿ. ಒಂದೇ ಹೆಸರಿನ ಸಾವಿರ ಜನರಿರುವ ನಮ್ಮಲ್ಲಿ ಅದು ಬೇಕೇ ಬೇಕು.

ಪರಿಶೀಲಕರ ಪ್ರತಿಯೊಂದು ಮಾತನ್ನೂ ಹಾಗೇ ನಕಲು ಮಾಡಿ, ಅದರ ಕೆಳಗೆ ಉತ್ತರ, ಉತ್ತರದ ಕೆಳಗೆ ಹಸ್ತಪ್ರತಿಯಲ್ಲಿ ಬದಲಾದ ಸಾಲು, ಪುಟ ಮತ್ತು ಸಾಲಿನ ಸಂಖ್ಯೆ. "ಸರಿಪಡಿಸಲಾಗಿದೆ" ಎಂದು ಬಿಟ್ಟರೆ ಅವರು ಹುಡುಕಬೇಕಾಗುತ್ತದೆ, ಸಿಟ್ಟಾಗುತ್ತಾರೆ. ಕೇಳಿದ ಪ್ರಯೋಗ ಮಾಡಲು ಆಗದಿದ್ದರೆ ಅದನ್ನು ನೇರವಾಗಿ ಹೇಳಿ, ಅದಿಲ್ಲದೆ ಯಾವ ನಿರ್ಣಯ ದುರ್ಬಲವಾಗುತ್ತದೋ ಆ ವಾಕ್ಯವನ್ನು ಹಸ್ತಪ್ರತಿಯಲ್ಲಿ ಇಳಿಸಿ. "ತೋರಿಸುತ್ತದೆ" ಎಂದಿದ್ದಲ್ಲಿ "ಸೂಚಿಸುತ್ತದೆ" ಎಂದಾಗಲಿ. ಸಂಪಾದಕರು ಇದನ್ನು ಬಹಳ ಸಲ ಒಪ್ಪುತ್ತಾರೆ. ಗಡುವಿನೊಳಗೆ ಆಗದಿದ್ದರೆ ಗಡುವು ಮುಗಿಯುವ ಮೊದಲೇ ಸಮಯ ಕೇಳಿ.

ಕಚ್ಚಾ ದತ್ತಾಂಶ ಎಸೆಯಬೇಡಿ. ಜೆಲ್, ಬ್ಲಾಟ್, ಮೈಕ್ರೋಸ್ಕೋಪ್ ಚಿತ್ರಗಳ ಮೂಲ ಫೈಲ್ ಉಪಕರಣದಿಂದ ಬಂದ ರೂಪದಲ್ಲೇ ಮೂರು ಪ್ರತಿ ಇರಲಿ, ಒಂದು ಕ್ಯಾಂಪಸ್‌ನ ಹೊರಗೆ. ಪ್ರಕಟವಾದ ಪೇಪರ್‌ಗಳನ್ನು ಚರ್ಚಿಸುವ ಪಬ್‌ಪಿಯರ್ ತಾಣದಲ್ಲಿ ವರ್ಷಗಳ ನಂತರ ಪ್ರಶ್ನೆ ಬಂದಾಗ ಮೂಲ ಫೈಲ್ ಇಲ್ಲದಿದ್ದರೆ ನಿರಪರಾಧಿಯೂ ಉತ್ತರಿಸಲಾರ.

ಸ್ಫಟಿಕ

ಪ್ರಿಪ್ರಿಂಟ್ (ಜರ್ನಲ್‌ನ ಪರಿಶೀಲನೆಗೆ ಮೊದಲೇ ಎಲ್ಲರಿಗೂ ತೆರೆದಿಡುವ ಹಸ್ತಪ್ರತಿ) ಬಗ್ಗೆ: ಭೌತ, ಗಣಿತಕ್ಕೆ ಆರ್ಕೈವ್, ಜೀವವಿಜ್ಞಾನಕ್ಕೆ ಬಯೋಆರ್ಕೈವ್, ರಸಾಯನಕ್ಕೆ ಕೆಮ್‌ಆರ್ಕೈವ್. ಅರ್ಜಿ ಹಾಕುವ ಹೊತ್ತಿಗೆ ಪೇಪರ್ ಇನ್ನೂ ಪರಿಶೀಲನೆಯಲ್ಲಿದ್ದರೆ "ಸಲ್ಲಿಸಲಾಗಿದೆ" ಎಂಬ ಸಾಲಿಗಿಂತ ಪ್ರಿಪ್ರಿಂಟ್ ಕೊಂಡಿ ನೂರು ಪಾಲು ಮೇಲು, ಓದಿ ನೋಡಬಹುದು. ಆದರೆ ಪೇಟೆಂಟ್ ಆಗಬಹುದಾದ ಕೆಲಸವಾದರೆ ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕಿ, ಆಮೇಲೆ ಪ್ರಿಪ್ರಿಂಟ್. ಪ್ರಾವಿಷನಲ್ ಹಾಕಿದ 12 ತಿಂಗಳೊಳಗೆ ಪೂರ್ಣ ಅರ್ಜಿ ಹೋಗಬೇಕು. ಪೋಸ್ಟರ್ ಕೂಡ ಬಹಿರಂಗ ಪ್ರಕಟಣೆಯೇ, ಮರೆಯಬೇಡಿ.

ಕಡಲೂರ_ಹುಡುಗಿ

ಸಣ್ಣ ಊರಿನ ಕಾಲೇಜುಗಳಲ್ಲಿ ಜರ್ನಲ್ ಓದಲು ಸಿಗುವುದಿಲ್ಲ ಎಂಬ ದೂರು ಆಗಾಗ ಕೇಳುತ್ತದೆ, ಅದಕ್ಕೊಂದು ಸಂಗತಿ. ಒಂದು ರಾಷ್ಟ್ರ ಒಂದು ಚಂದಾ ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ, ಇನ್‌ಫ್ಲಿಬ್‌ನೆಟ್ (ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ) ನಿರ್ವಹಿಸುತ್ತದೆ. ನಿಮ್ಮ ಕಾಲೇಜು ನೋಂದಾಯಿಸಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ನೋಂದಣಿ ಆಗಿರದಿದ್ದರೆ ಹಿಂದೆ ಬಿದ್ದು ಮಾಡಿಸಿ.

ಮತ್ತೆ ಹೆಣ್ಣುಮಕ್ಕಳಿಗೆ: ಪಿಎಚ್.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ 2022ರ ನಿಯಮದಲ್ಲೇ ಇದೆ. ಸಾಮಾನ್ಯ ಗರಿಷ್ಠ ಅವಧಿ ಆರು ವರ್ಷ, ಮರುನೋಂದಣಿಯಿಂದ ಎರಡು ವರ್ಷ, ಅದರ ಮೇಲೆ ಮಹಿಳೆಯರಿಗೆ ಇನ್ನೂ ಎರಡು ವರ್ಷ. ವಿರಾಮದ ನಂತರ ಮರಳುವವರಿಗೆ ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ ಡಿಎಸ್‌ಟಿಯ ವೈಸ್ ಫೆಲೋಶಿಪ್‌ಗಳು, ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿಯ ಬಯೋಕೇರ್ ಇವೆ. ಇವನ್ನು ದಯೆ ಎಂದುಕೊಳ್ಳಬೇಡಿ, ನಿಯಮದಲ್ಲಿರುವ ಹಕ್ಕು. ಕಿರುಕುಳವಾದರೆ ಗೈಡ್‌ಗೋ ವಿಭಾಗದ ಮುಖ್ಯಸ್ಥರಿಗೋ ಬಾಯಲ್ಲಿ ಹೇಳಿ ಸುಮ್ಮನಾಗದೆ ಆಂತರಿಕ ದೂರು ಸಮಿತಿಗೆ ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ.

ಸ್ಫಟಿಕ

ಪೋಸ್ಟ್‌ಡಾಕ್ ವಿಷಯ. ಹೊರದೇಶ ಕಡ್ಡಾಯ ಎಂದು ಯಾವ ನಿಯಮದಲ್ಲೂ ಇಲ್ಲ. ಗಣಿತ, ಸೈದ್ಧಾಂತಿಕ ಭೌತಶಾಸ್ತ್ರ, ಪರಿಸರ ವಿಜ್ಞಾನದಲ್ಲಿ ಇಲ್ಲೇ ಮಾಡಿ ನೆಲೆಯಾದವರಿದ್ದಾರೆ. ಪ್ರಯೋಗದ ಜೀವವಿಜ್ಞಾನ, ವಸ್ತುವಿಜ್ಞಾನದಲ್ಲಿ ದೊಡ್ಡ ಸಂಸ್ಥೆಗಳ ಆಯ್ಕೆ ಸಮಿತಿ ಪಿಎಚ್.ಡಿ. ಗೈಡ್‌ನ ನೆರಳಿನಿಂದ ಹೊರಬಂದ ಕೆಲಸ ಹುಡುಕುತ್ತದೆ. ಅದು ಹೊರಗೆ ಹೋದರೆ ಸುಲಭವಾಗಿ ಕಾಣುತ್ತದೆ, ಅಷ್ಟೆ.

ಇಲ್ಲಿ ಎಡವುವುದು ದಿನಾಂಕಗಳಲ್ಲಿ. ಯುರೋಪಿನ ಮಾರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ ಉದಾಹರಣೆ ತೆಗೆದುಕೊಳ್ಳಿ. ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್, ಅಷ್ಟರೊಳಗೆ ಪಿಎಚ್.ಡಿ. ಕೈಯಲ್ಲಿರಬೇಕು. ಹಿಂದಕ್ಕೆ ಎಣಿಸಿ. ಪ್ರಬಂಧ ಸಲ್ಲಿಸಿದ ಆರು ತಿಂಗಳೊಳಗೆ ವೈವಾ (ಮೌಖಿಕ ಪರೀಕ್ಷೆ) ಫಲಿತಾಂಶ ಕೊಡಬೇಕೆಂದು ಯುಜಿಸಿ ನಿಯಮ. ಅದು ಪಾಲನೆಯಾದರೂ ಫೆಬ್ರವರಿಗೆ ಪ್ರಬಂಧ ಹೋಗಬೇಕು. ಸಿನಾಪ್ಸಿಸ್ (ಪ್ರಬಂಧದ ಸಾರಾಂಶ) ಅದಕ್ಕೆ ಮೂರು ತಿಂಗಳು ಮೊದಲು, ಅಂದರೆ ಹಿಂದಿನ ವರ್ಷದ ನವೆಂಬರ್. ಮುಖ್ಯ ಪೇಪರ್ ಆ ಹೊತ್ತಿಗೆ ಒಪ್ಪಿಗೆಯಾಗಬೇಕಾದರೆ ಅದೇ ವರ್ಷದ ಆರಂಭದಲ್ಲೇ ಜರ್ನಲ್‌ಗೆ ಹೋಗಿರಬೇಕು. ಆತಿಥೇಯ ಪ್ರೊಫೆಸರ್‌ಗೆ ಗಡುವಿನ ವರ್ಷದ ಏಪ್ರಿಲ್ ಮೇ ಒಳಗೆ ಬರೆಯಬೇಕು, ಜುಲೈನಲ್ಲಿ ಬರೆದರೆ ಅವರ ಬಳಿ ಬೇರೆಯವರು ಸೇರಿರುತ್ತಾರೆ. ಅಂದರೆ ತಯಾರಿ ಗಡುವಿಗಿಂತ ಇಪ್ಪತ್ತು ತಿಂಗಳು ಮೊದಲು ಶುರು.

ಮಾರಿ ಕ್ಯೂರಿಯಲ್ಲಿ ದೇಶ ಬದಲಿಸುವ (ಮೊಬಿಲಿಟಿ) ನಿಯಮವೊಂದಿದೆ. ಗಡುವಿನ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಜನವರಿಯಲ್ಲಿ ಜರ್ಮನಿಗೆ ಸಾಧಾರಣ ಒಪ್ಪಂದದ ಮೇಲೆ ಹೋದವರು ಅದೇ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಆತಿಥೇಯರೊಡನೆ ಅರ್ಜಿ ಹಾಕಬಹುದು. ಮರುವರ್ಷದ ಸೆಪ್ಟೆಂಬರ್‌ಗೆ 20 ತಿಂಗಳಾಗಿರುತ್ತದೆ, ಬಾಗಿಲು ಮುಚ್ಚಿತು. ಬೇರೆ ದೇಶದ ಆತಿಥೇಯರನ್ನೇ ಹುಡುಕಬೇಕು. ಪ್ರಸ್ತಾವದ ಮುಖ್ಯ ಭಾಗ ಹತ್ತು ಪುಟ, ಅಂಕ ಹಂಚಿಕೆ ಉತ್ಕೃಷ್ಟತೆಗೆ 50, ಪರಿಣಾಮಕ್ಕೆ 30, ಅನುಷ್ಠಾನಕ್ಕೆ 20. ನಮ್ಮವರು ಎಂಟು ಪುಟ ವಿಜ್ಞಾನ ತುಂಬಿ ಉಳಿದ 50 ಅಂಕವನ್ನು ಎರಡು ಪುಟಕ್ಕೆ ತುರುಕುತ್ತಾರೆ, ಅಲ್ಲೇ ಸೋಲುತ್ತಾರೆ. ಹೊಸ ಅರ್ಜಿ ಕರೆಯ ಮಾರ್ಗದರ್ಶಿ ಪ್ರತಿ ವರ್ಷ ಹೊಸದಾಗಿ ಓದಿ.

ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್.ಡಿ. ಆಗಿ ನಾಲ್ಕು ವರ್ಷದೊಳಗಿರಬೇಕು, ಅರ್ಜಿ ವರ್ಷವಿಡೀ ಹಾಕಬಹುದು.

ಶಿಫಾರಸು ಪತ್ರ ಮೂರು ಬೇಕು. ಗೈಡ್‌ನದು ಒಂದು. ಉಳಿದೆರಡಕ್ಕೆ ಕೊನೆಯಲ್ಲಿ ಪರದಾಡಬೇಡಿ. ಆರು ತಿಂಗಳಿಗೊಮ್ಮೆ ಸೇರುವ ಸಂಶೋಧನಾ ಸಲಹಾ ಸಮಿತಿಯ ಸದಸ್ಯರೊಬ್ಬರು ನಿಮ್ಮ ಕೆಲಸವನ್ನು ನಾಲ್ಕು ವರ್ಷ ನೋಡಿರುತ್ತಾರೆ, ಪ್ರತಿ ಸಭೆಯ ನಂತರ ಅವರಿಗೆ ಒಂದು ಪುಟದ ಪ್ರಗತಿ ಟಿಪ್ಪಣಿ ಕಳಿಸುತ್ತಿರಿ. ಪತ್ರ ಬರೆಯುವಾಗ ಅವರ ಮುಂದೆ ವಿವರ ಇರುತ್ತದೆ.

ಹಂಪಿ_ರಸಾಯನ

ವಾಪಸು ಬರುವ ದಾರಿಗಳೂ ಹೇಳಿ ದಯವಿಟ್ಟು.

ಜೀವಕೋಶ

ಇಲ್ಲಿ ವಯಸ್ಸಿನ ಗಡಿಯಾರ ನಡೆಯುತ್ತಿರುತ್ತದೆ. ಡಿಎಸ್‌ಟಿಯ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್‌ಗೆ ಸಾಮಾನ್ಯ ವರ್ಗಕ್ಕೆ 32 ಮಿತಿ, ಮಹಿಳೆಯರಿಗೆ ಮತ್ತು ಎಸ್‌ಸಿ, ಎಸ್‌ಟಿಯವರಿಗೆ 35. ಐದು ವರ್ಷದ ಫೆಲೋಶಿಪ್ ಅದು, ಕಾಯಂ ಹುದ್ದೆಯ ಭರವಸೆ ಅಲ್ಲ. 24ಕ್ಕೆ ಪಿಎಚ್.ಡಿ. ಸೇರಿ 30ಕ್ಕೆ ಮುಗಿಸಿದವರಿಗೆ ಉಳಿಯುವುದು ಎರಡು ವರ್ಷ. ಪೋಸ್ಟ್‌ಡಾಕ್ ಮುಗಿಸಿ ಬಂದು ಹಾಕೋಣ ಎಂದರೆ ಸಿಗದು, ಹೋದ ಮೊದಲ ವರ್ಷದಲ್ಲೇ ಹಾಕಿ. ರಾಮಾನುಜನ್ ಫೆಲೋಶಿಪ್‌ಗೆ 40ರೊಳಗೆ, ಹೊರದೇಶದಲ್ಲಿ ಕೆಲಸ ಮಾಡುತ್ತಿರುವವರಿಗೆ. ಜೀವವಿಜ್ಞಾನದವರಿಗೆ ಡಿಬಿಟಿಯ ರಾಮಲಿಂಗಸ್ವಾಮಿ ಫೆಲೋಶಿಪ್. ಜೀವವಿಜ್ಞಾನದವರು ಇಂಡಿಯಾ ಬಯೋಸೈನ್ಸ್‌ನ ಹುದ್ದೆ ಪ್ರಕಟಣೆಗಳನ್ನೂ, 2009ರಿಂದ ನಡೆದುಬಂದ ಯುವ ಸಂಶೋಧಕರ ಸಮಾವೇಶವನ್ನೂ ಗಮನಿಸುತ್ತಿರಿ.

ಐಐಟಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಗ್ರೇಡ್ ಒಂದಕ್ಕೆ ಪಿಎಚ್.ಡಿ. ನಂತರ ಮೂರು ವರ್ಷದ ಅನುಭವ ಬೇಕು, ಮೂಲ ವೇತನ 1,01,500ರಿಂದ. ಅರ್ಜಿಯ ಜೊತೆಗಿನ ಸಂಶೋಧನಾ ಯೋಜನೆಯನ್ನು ನಾಲ್ಕೈದು ಪುಟದಲ್ಲಿ ಮೂರು ಸಮಸ್ಯೆಗಳಾಗಿ ಬರೆಯಿರಿ: ಮೊದಲನೆಯದು ಸೇರಿದ ಒಂದೂವರೆ ವರ್ಷದಲ್ಲಿ ಇರುವ ಉಪಕರಣದಲ್ಲೇ ಆಗುವಂಥದ್ದು, ಎರಡನೆಯದು ಗ್ರ್ಯಾಂಟ್ ಬಂದರೆ ಆಗುವಂಥದ್ದು, ಮೂರನೆಯದು ಸೋಲುವ ಸಾಧ್ಯತೆ ಇದ್ದರೂ ಮಾಡಲೇಬೇಕಾದ್ದು. ನಿಮ್ಮ ಪೋಸ್ಟ್‌ಡಾಕ್ ಬಾಸ್ ಇದನ್ನೇ ಮಾಡುತ್ತಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾವ ಭಾಗ ನೀವು ತೆಗೆದುಕೊಂಡು ಬರುತ್ತಿದ್ದೀರಿ ಎಂದು ಮೊದಲೇ ಅವರೊಡನೆ ಮಾತಾಡಿ ಇಟ್ಟಿರಿ. ಬೇಕಾದ ಉಪಕರಣದ ಪಟ್ಟಿಯಲ್ಲಿ ಕೊಳ್ಳುವುದು, ಹಂಚಿಕೊಳ್ಳುವುದು ಬೇರೆ ಮಾಡಿ ತೋರಿಸಿ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಬುಕ್ ಮಾಡಬಹುದು ಎಂದು ಸಿಗುತ್ತದೆ. ಆ ವಿಭಾಗದ ಪಠ್ಯಕ್ರಮ ನೋಡಿ, ಯಾವ ಎರಡು ಕೋರ್ಸ್ ಮೊದಲ ಸೆಮಿಸ್ಟರ್‌ನಿಂದಲೇ ಕಲಿಸಬಲ್ಲಿರಿ ಎಂದು ಹೆಸರು ಹಿಡಿದು ಬರೆಯಿರಿ.

ತುಂಗಾತೀರ

ರಾಜ್ಯದ ಹುದ್ದೆ ಬೇಕೆನ್ನುವವರಿಗೆ. 2023ರ ಜುಲೈನಿಂದ ಅಸಿಸ್ಟೆಂಟ್ ಪ್ರೊಫೆಸರ್ ನೇರ ನೇಮಕಾತಿಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ನೆಟ್ ಆಗಿರದಿದ್ದರೆ ಕೆಇಎ ನಡೆಸುವ ರಾಜ್ಯದ ಸೆಟ್, ಅಂದರೆ ಕೆ-ಸೆಟ್ ಬರೆಯಿರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ದೊಡ್ಡ ನೇಮಕಾತಿ ಅಪರೂಪ, 2021ರಲ್ಲಿ 1,242 ಹುದ್ದೆಗಳಿಗೆ ಪ್ರಕಟಣೆ ಬಂದಿತ್ತು. ಹುದ್ದೆ ವಿಷಯವಾರು, ರೋಸ್ಟರ್‌ವಾರು (ಮೀಸಲಾತಿ ಸರದಿಯಂತೆ) ಬರುತ್ತದೆ. ಪ್ರಕಟಣೆ ಬಂದ ಮೇಲೆ ಪ್ರಮಾಣಪತ್ರಕ್ಕೆ ಓಡಾಡಿದರೆ ಗಡುವು ಮೀರುತ್ತದೆ. ಕಲ್ಯಾಣ ಕರ್ನಾಟಕದವರು 371ಜೆ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಡಿ. ಜಾತಿ ಆದಾಯ ಪತ್ರದ ಅವಧಿ ನೋಡಿಕೊಳ್ಳಿ. ಗ್ರಾಮೀಣ, ಕನ್ನಡ ಮಾಧ್ಯಮ ಅನ್ವಯಿಸಿದರೆ ಓದಿದ ಶಾಲೆಯಿಂದ ಸಹಿ ಬೇಕು, ಶಾಲೆ ಮುಚ್ಚಿದ್ದರೆ ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಅತಿಥಿ ಉಪನ್ಯಾಸಕರಾಗಿ ಸೇರಿ ಪಿಎಚ್.ಡಿ. ಬರವಣಿಗೆ ಬದಿಗಿಟ್ಟವರು ನಮ್ಮಲ್ಲಿ ಬಹಳ. ಮನೆಯ ಕಷ್ಟ ಅರ್ಥವಾಗುತ್ತದೆ. ಆದರೂ ಪ್ರಬಂಧ ಸಲ್ಲಿಸಿದ ಮೇಲೆ ಸೇರಿ, ಮೊದಲು ಬೇಡ.

ಜೀವಕೋಶ

ಹುದ್ದೆ ಸಿಕ್ಕಿದ ದಿನವೇ ನೆನಪಿಡಬೇಕಾದ್ದು ಮೊದಲ ಗ್ರ್ಯಾಂಟ್. ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್‌ನಲ್ಲಿ ಸೇರಿಹೋಗಿದೆ. ಎಎನ್‌ಆರ್‌ಎಫ್‌ನ ಪ್ರಧಾನಮಂತ್ರಿ ಅರ್ಲಿ ಕೆರಿಯರ್ ರಿಸರ್ಚ್ ಗ್ರ್ಯಾಂಟ್ ಮೂರು ವರ್ಷಕ್ಕೆ 60 ಲಕ್ಷದವರೆಗೆ, ವಯಸ್ಸು 42ರೊಳಗೆ, ಕಾಯಂ ಹುದ್ದೆಗೆ ಸೇರಿ ಎರಡು ವರ್ಷದೊಳಗೆ. ಸೇರಿದ ಮೊದಲ ಸೆಮಿಸ್ಟರ್ ಪಾಠದಲ್ಲೇ ಮುಳುಗಿ ಈ ಎರಡು ವರ್ಷ ಕಳೆದುಕೊಂಡರೆ ಮತ್ತೆ ಸಿಗದು. ರಾಜ್ಯದ ಕಾಲೇಜು ಅಧ್ಯಾಪಕರು ವಿಜಿಎಸ್‌ಟಿಯ (ರಾಜ್ಯದ ವಿಜ್ಞಾನ ತಂತ್ರಜ್ಞಾನ ವಿಷನ್ ಗ್ರೂಪ್) ಯುವ ವಿಜ್ಞಾನಿಗಳ ಸೀಡ್ ಮನಿ ಯೋಜನೆಯ ಪ್ರಕಟಣೆಯನ್ನೂ ನೋಡುತ್ತಿರಿ.

ಹಣ ಬಂದ ಮೇಲೆ ತೊಡಕು ಖರ್ಚಿನಲ್ಲಿ. ಮುಂದಿನ ಕಂತು ಬರುವುದು ಬಳಕೆ ಪ್ರಮಾಣಪತ್ರ ಮತ್ತು ಖರ್ಚಿನ ತಃಖ್ತೆ ಹೋದ ಮೇಲೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುವಾಗ ಉಪಕರಣ ಹಡಗಿನಲ್ಲೇ ಇದ್ದರೆ ಆ ಮೊತ್ತ ಖರ್ಚಾಗಿಲ್ಲ, ಬದ್ಧವಾಗಿದೆ ಎಂದು ಬೇರೆ ಸಾಲಿನಲ್ಲಿ ತೋರಿಸಬೇಕು. ಟೆಂಡರ್‌ನಿಂದ ಉಪಕರಣ ಬರಲು ಆರು ತಿಂಗಳು ಹಿಡಿಯಿತೆಂದು ಲೆಕ್ಕ ಹಾಕಿ. ಮಂಜೂರಾತಿ ಪತ್ರ ಬಂದ ವಾರದಲ್ಲೇ ತಾಂತ್ರಿಕ ವಿವರಣೆ ಬರೆದು ಖರೀದಿ ವಿಭಾಗಕ್ಕೆ ಕೊಡಿ. ವಿವರಣೆ ಒಂದೇ ಕಂಪನಿಗೆ ಹೊಂದುವಂತೆ ಬರೆದರೆ ಆಕ್ಷೇಪಣೆ ಬಂದು ಮತ್ತೆ ಮೊದಲಿನಿಂದ. ಜೀವವಿಜ್ಞಾನದವರಾದರೆ ಜೈವಿಕ ಸುರಕ್ಷತಾ ಸಮಿತಿ, ಪ್ರಾಣಿ ನೀತಿ ಸಮಿತಿಯ ಅನುಮತಿಗೆ ಅರ್ಜಿಯನ್ನು ಗ್ರ್ಯಾಂಟ್ ಬರೆಯುವಾಗಲೇ ಹಾಕಿ. ಆ ಸಮಿತಿಗಳು ಸೇರುವ ದಿನಾಂಕ ಕಚೇರಿಯಲ್ಲಿ ಸಿಗುತ್ತದೆ, ಒಂದು ಸಭೆ ತಪ್ಪಿದರೆ ಮುಂದಿನದಕ್ಕೆ ತಿಂಗಳುಗಟ್ಟಲೆ ಕಾಯಬೇಕು.